ಇನ್ನೊಸೆಂಟ್ ಬ್ಲಡ್ (ಬ್ಲೂ-ರೇ ಆವೃತ್ತಿ)

ಜಾನ್ ಲ್ಯಾಂಡಿಸ್ ನಿರ್ದೇಶಿಸಿದ 1992ರ ಅಮೆರಿಕನ್ ರಕ್ತಪಿಶಾಚಿ-ಅಪರಾಧ ಹಾಸ್ಯಚಿತ್ರ ಇನ್ನೊಸೆಂಟ್ ಬ್ಲಡ್ ವಾರ್ನರ್ ಆರ್ಕೈವ್ ಸಂಗ್ರಹದಲ್ಲಿ 2017ರಲ್ಲಿ ಬ್ಲೂ-ರೇ ಡಿಸ್ಕ್ ಆಗಿ ಹೊರಬಂದಿತು. ಕಥೆ ನಡೆಯುವುದು ಪಿಟ್ಸ್‌ಬರ್ಗ್‌ನಲ್ಲಿ. ದುಷ್ಟರ ರಕ್ತವನ್ನಷ್ಟೇ ಕುಡಿಯುವ ನಿಯಮವಿಟ್ಟುಕೊಂಡ ರಕ್ತಪಿಶಾಚಿ ಮರೀ (ಆನ್ ಪರಿಲೋ) ಮಾಫಿಯಾ ನಾಯಕ ಮಸೆಲ್ಲಿಯನ್ನು (ರಾಬರ್ಟ್ ಲೋಜಿಯಾ) ಕಚ್ಚುತ್ತಾಳೆ. ಅವನು ಪೂರ್ತಿ ಸಾಯದೆ ರಕ್ತಪಿಶಾಚಿಯಾಗಿ ಎದ್ದು, ತನ್ನ ಇಡೀ ಗ್ಯಾಂಗನ್ನು ಹಾಗೆಯೇ ಮಾಡಲು ಹೊರಡುತ್ತಾನೆ. ಅವನನ್ನು ತಡೆಯಲು ಮರೀ ಜೊತೆ ಮಾರುವೇಷದ ಪೊಲೀಸ್ ಜೆನ್ನಾರೊ (ಆಂಥೊನಿ ಲಪಾಲಿಯಾ) ಕೈಜೋಡಿಸುತ್ತಾನೆ.

ಚಿತ್ರಮಂದಿರದಲ್ಲಿ ಸೋತ ಈ ಚಿತ್ರಕ್ಕೆ ನ್ಯಾಯ ದೊರೆತದ್ದು ಈ ಡಿಸ್ಕಿನಲ್ಲೇ ಎನ್ನಬಹುದು. ಹಿಂದಿನ ಡಿವಿಡಿ ಹಳೆಯ ಟಿವಿ ಪರದೆಯ ಅಳತೆಯಲ್ಲಿತ್ತು. ಬ್ಲೂ-ರೇಯಲ್ಲಿ ಅಗಲ ಪರದೆಯ ಚೌಕಟ್ಟು ಮರಳಿತು, ಕತ್ತರಿಸದ ಆವೃತ್ತಿಯೂ ಸಿಕ್ಕಿತು. ಬಹುಪಾಲು ರಾತ್ರಿಯಲ್ಲೇ ಸಾಗುವ, ಹೊಳೆಯುವ ಕಣ್ಣುಗಳನ್ನೇ ಭಯದ ಗುರುತಾಗಿಸಿಕೊಂಡ ಚಿತ್ರಕ್ಕೆ ಕತ್ತಲಿನ ಸ್ಪಷ್ಟತೆ ಅಲಂಕಾರವಲ್ಲ, ಅಗತ್ಯ. ಹಿನ್ನೆಲೆಯ ಟಿವಿಗಳಲ್ಲಿ ಓಡುವ ಹಳೆಯ ಭಯಾನಕ ಚಿತ್ರಗಳು, ಭಯಾನಕ ಚಿತ್ರರಂಗದ ಡಾರಿಯೊ ಅರ್ಜೆಂಟೊ, ಸ್ಯಾಮ್ ರೈಮಿ, ಟಾಮ್ ಸವಿನಿ ಮೊದಲಾದವರ ಕಿರುಪಾತ್ರಗಳು ಕಣ್ಣಿಗೆ ಬಿದ್ದರಷ್ಟೇ ಹಾಸ್ಯ ತಲುಪುತ್ತದೆ. ಟ್ರೇಲರ್ ಬಿಟ್ಟರೆ ಹೆಚ್ಚುವರಿ ಸಾಮಗ್ರಿ ಇಲ್ಲವೆಂಬ ಆಕ್ಷೇಪ ಸರಿಯೇ: ನಿರ್ದೇಶಕರ ವ್ಯಾಖ್ಯಾನವಿದ್ದರೆ ಚೆನ್ನಾಗಿತ್ತು. ಆದರೆ ವ್ಯಾಖ್ಯಾನವನ್ನು ಮುಂದೆಯೂ ಸೇರಿಸಬಹುದು. ಅದಕ್ಕೆ ಮೊದಲು ಬೇಕಾದದ್ದು ಸರಿಯಾದ ಮೂಲ ಚಿತ್ರ. ಹಾಸ್ಯ, ರಕ್ತಪಾತಗಳ ಬೆರಕೆ ಹದಗೆಟ್ಟಿದೆ ಎಂಬ ಹಳೆಯ ಟೀಕೆಯನ್ನೂ ಕತ್ತರಿಸದ ಪ್ರತಿಯನ್ನು ನೋಡಿಯೇ ತೂಗಬೇಕು. ಲ್ಯಾಂಡಿಸ್‌ರ 1981ರ ಆನ್ ಅಮೆರಿಕನ್ ವೆರ್‌ವುಲ್ಫ್ ಇನ್ ಲಂಡನ್ ಚಿತ್ರದಲ್ಲೂ ಇದೇ ಬೆರಕೆಯಿದೆ.