ಸ್ಯಾಟಲೈಟಿನ ಮೂರನೇ ಡೋಸು

ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಗೆ ಆ ಹೆಸರು ಬಂದದ್ದು ಅಲ್ಲಿನ ಇಸ್ರೋ ಕೇಂದ್ರದಿಂದ. 1975ರಲ್ಲಿ ರಾಯಚೂರು, ಗುಲ್ಬರ್ಗ, ಬಿಜಾಪುರದ ಹಳ್ಳಿಗರು ಉಪಗ್ರಹದ ಮೂಲಕ ಟಿವಿ ನೋಡಿದ ಪ್ರಯೋಗದ ಮುಖ್ಯ ಭೂಕೇಂದ್ರವೂ ಅಹಮದಾಬಾದಿನಲ್ಲೇ ಇತ್ತು. ಇವತ್ತಿನ ಕತೆ ಅದೇ ಬಡಾವಣೆಯ ಇನ್ನೊಂದು ವಿಳಾಸದ್ದು. ಸ್ಯಾಟಲೈಟ್ ಕ್ರಾಸ್‌ರೋಡ್ಸ್‌ನ ಝೈಡಸ್ ಟವರ್ ಬಹುಕಾಲ ಝೈಡಸ್ ಕ್ಯಾಡಿಲಾದ ಕೇಂದ್ರ ಕಚೇರಿಯಾಗಿತ್ತು. 2010ರಲ್ಲಿ ಹಂದಿಜ್ವರಕ್ಕೆ ದೇಶದ ಮೊದಲ ಸ್ವದೇಶಿ ಲಸಿಕೆ ತಂದ ಕಂಪನಿ ಇದು. 2021ರ ಆಗಸ್ಟ್ 20ರಂದು ಅದರ ಝೈಕೋವ್-ಡಿಗೆ ತುರ್ತು ಅನುಮತಿ ಸಿಕ್ಕಿತು. ಮನುಷ್ಯರಿಗೆಂದು ಒಪ್ಪಿಗೆ ಪಡೆದ ಜಗತ್ತಿನ ಮೊದಲ ಡಿಎನ್‌ಎ ಲಸಿಕೆ ಅದು. ಸೂಜಿ ಇಲ್ಲ, 0, 28, 56ನೇ ದಿನ, ಹೀಗೆ ಮೂರು ಡೋಸು.

ಮೂರು ಎಂದ ಕೂಡಲೇ ಬೂಸ್ಟರ್ ಎಂದುಕೊಂಡವರು ಬಹಳ. ಅಲ್ಲ, ಅಲ್ಲಿ ಮೂರೂ ಸೇರಿಯೇ ಮೊದಲ ಪಾಠ. ಬೂಸ್ಟರಿಗೆ ಬೇಕಾದದ್ದು ಎಣಿಕೆಗಿಂತ ಹೆಚ್ಚಾಗಿ ಬಿಡುವು. ಗಂಟಲಮಾರಿಯ ವಿಷದ ಮೇಲೆ ಕೆಲಸ ಮಾಡುತ್ತಿದ್ದ ಬ್ರಿಟನ್ನಿನ ಅಲೆಕ್ಸಾಂಡರ್ ಗ್ಲೆನ್ನಿ 1921ರಲ್ಲೇ ಇದನ್ನು ಬರೆದಿದ್ದ: ಮೊದಲ ಚುಚ್ಚಿಗೆ ಪ್ರಾಣಿಯ ಮೈ ನಿಧಾನವಾಗಿ, ಜಿಪುಣತನದಿಂದ ಉತ್ತರಿಸುತ್ತದೆ, ಕಾಲ ಕಳೆದು ಕೊಟ್ಟ ಎರಡನೆಯದಕ್ಕೆ ಬೇಗ, ಧಾರಾಳವಾಗಿ. ಕಾರಣ ತಿಳಿದದ್ದು ಆಮೇಲೆ. ನಡುವಿನ ತಿಂಗಳುಗಳಲ್ಲಿ ದುಗ್ಧಗ್ರಂಥಿಗಳೊಳಗೆ ಬಿ ಕೋಶಗಳು ತಮ್ಮ ಪ್ರತಿಕಾಯವನ್ನು ತಿದ್ದಿ ತೀಡುತ್ತವೆ. ಗಟ್ಟಿಯಾಗಿ ಹಿಡಿಯಬಲ್ಲವು ನೆನಪಿನ ಕೋಶಗಳಾಗಿ ಉಳಿಯುತ್ತವೆ. ಬೂಸ್ಟರ್ ಎಬ್ಬಿಸುವುದು ಅವನ್ನು. ಒಂದೆರಡು ವಾರದಲ್ಲಿ ಪ್ರತಿಕಾಯ ಜಿಗಿಯುತ್ತದೆ, ಕೆಲವು ತಿಂಗಳಲ್ಲಿ ಮತ್ತೆ ಇಳಿಯುತ್ತದೆ. ಆದರೆ ನೆನಪು ಅಷ್ಟು ಬೇಗ ಅಳಿಯುವುದಿಲ್ಲ.

ನಮ್ಮ ನೆರೆಮನೆಯ ಹಿರಿಯರೊಬ್ಬರು ಆಗ ರಕ್ತಪರೀಕ್ಷೆಯ ಚೀಟಿ ಹಿಡಿದು ಬಂದಿದ್ದರು. "ಪ್ರತಿಕಾಯ ಭರ್ತಿ ಐತಿ, ಮತ್ತ್ಯಾಕ ಸೂಜಿ?" ಚೀಟಿಯ ಸಂಖ್ಯೆ ನಿಜವೇ. ಆದರೆ ಆ ಪ್ರತಿಕಾಯಗಳು ರೂಪುಗೊಂಡದ್ದು ವುಹಾನಿನ ಹಳೇ ವೈರಾಣುವಿನ ಮುಳ್ಳು ನೋಡಿ. ಒಮಿಕ್ರಾನ್ ಅದೇ ಮುಳ್ಳನ್ನು ಬದಲಿಸಿಕೊಂಡು ಬಂದಿತ್ತು. ಆಗ ಬೇಕಾದದ್ದು ಹೆಚ್ಚು ಪ್ರತಿಕಾಯ, ಜೊತೆಗೆ ಹೆಚ್ಚು ವಿಶಾಲವಾದದ್ದು. ಹಳೇ ಲಸಿಕೆಯ ಬೂಸ್ಟರ್ ಕೂಡ ಎರಡನ್ನೂ ಅಷ್ಟಿಷ್ಟು ಕೊಡುತ್ತಿತ್ತು.

ಸರ್ಕಾರ ಬೂಸ್ಟರ್ ಎನ್ನದೆ 'ಮುನ್ನೆಚ್ಚರಿಕೆ ಡೋಸ್' ಎಂದಿತು. 2022ರ ಜನವರಿ 10ರಂದು ಆರೋಗ್ಯ ಸಿಬ್ಬಂದಿ, ಮುಂಚೂಣಿ ನೌಕರರು ಮತ್ತು ಅರವತ್ತು ದಾಟಿ ಬೇರೆ ಕಾಯಿಲೆ ಇದ್ದವರಿಗೆ ಶುರುವಾಯಿತು. ಅಂತರ ಒಂಬತ್ತು ತಿಂಗಳು. ಏಪ್ರಿಲ್ 10ರಿಂದ ಉಳಿದ ವಯಸ್ಕರಿಗೂ, ಖಾಸಗಿ ಕೇಂದ್ರಗಳಲ್ಲಿ ದುಡ್ಡು ಕೊಟ್ಟು. ಜುಲೈನಲ್ಲಿ ಅಂತರ ಆರು ತಿಂಗಳಿಗೆ ಇಳಿಯಿತು, 15ರಿಂದ 75 ದಿನ ಉಚಿತವೂ ಆಯಿತು. ಎರಡನೇ ಡೋಸು ಸುಮಾರು 95 ಕೋಟಿ ತಲುಪಿದರೆ ಇದು 23 ಕೋಟಿ ಮುಟ್ಟಲಿಲ್ಲ. ದುಡ್ಡು ಕೇಳಿದ ಆ ಮೂರು ತಿಂಗಳೇ ಉತ್ಸಾಹ ತಣಿಸಿದವು ಎಂದು ನನ್ನ ಎಣಿಕೆ.

ಒಮಿಕ್ರಾನಿಗೆಂದೇ ಮಾಡಿದ ಪುಣೆಯ ಜೆನ್ನೋವಾ ಬೂಸ್ಟರಿಗೆ ಅನುಮತಿ ಸಿಕ್ಕಿದ್ದು 2023ರ ಜೂನ್‌ನಲ್ಲಿ. ಅದಕ್ಕೂ ಸೂಜಿ ಬೇಕಿರಲಿಲ್ಲ. ಅಷ್ಟರಲ್ಲಿ ಲಸಿಕೆಯ ಸಾಲುಗಳೇ ಕರಗಿಹೋಗಿದ್ದವು.