ಅಂಚಿಗೆ ರಿಬ್ ಒಂದೇ ದಾರಿಯಲ್ಲ: ಹತ್ತಿ ನೂಲಿನ ಹೆಣಿಗೆಗೆ ಹೊಂದುವ ಬದಲಿ ಅಂಚುಗಳು

ಹರವೆ: ಮಾರ್ಗಶಿರ, ಪುಷ್ಯ ಮಾಸಗಳಲ್ಲಿ ಚಾಮರಾಜನಗರ–ಗುಂಡ್ಲುಪೇಟೆ ಸೀಮೆಯ ಮುಂಜಾವಿಗೆ ಚಳಿಯ ಕಚಗುಳಿ ಇದ್ದೇ ಇರುತ್ತದೆ. 1,454 ಮೀಟರ್ ಎತ್ತರದ ಹಿಮವದ್ ಗೋಪಾಲಸ್ವಾಮಿ ಬೆಟ್ಟವನ್ನು ಮಂಜು ಮುಸುಕಿರುವ ಹೊತ್ತಿನಲ್ಲಿ ಕೆಳಗಿನ ಊರುಗಳ ಎಳೆಗೂಸುಗಳಿಗೂ ಸ್ವೆಟರ್, ಟೋಪಿ, ಕಾಲುಚೀಲ ಬೇಕು. ಆದರೆ ಬಿಸಿಲೇರಿದ ಮೇಲೆ ಅದೇ ಉಡುಪಿನೊಳಗೆ ಮಗು ಬೆವರುತ್ತದೆ. ಆದ್ದರಿಂದ ಅಂಗಡಿಯಲ್ಲಿ ಸುಲಭವಾಗಿ ಸಿಗುವ ಅಕ್ರಿಲಿಕ್ ಉಣ್ಣೆಗಿಂತ ಹತ್ತಿ ನೂಲಿನ ಹೆಣಿಗೆಯೇ ಇಲ್ಲಿನ ಹವೆಗೆ ಒಪ್ಪುವಂಥದು.

ತೊಡಕಿರುವುದು ಅಂಚಿನಲ್ಲಿ. ಎರಡು ನಿಟ್, ಎರಡು ಪರ್ಲ್ ಎಂದು ಎಣಿಸುತ್ತ ಹಾಕುವ ರಿಬ್ ಅನ್ನು ಮನೆಮಾತಿನಲ್ಲಿ ಬಾರ್ಡರ್ ಎನ್ನುವುದುಂಟು. ಹತ್ತಿಯಲ್ಲಿ ಹೆಣೆದಾಗ ಅದು ನಾಲ್ಕು ಒಗೆತಕ್ಕೇ ಜೋತುಬೀಳುತ್ತದೆ. ಮಣಿಕಟ್ಟು ಅಗಲವಾಗಿ ತೋಳು ಅಂಗೈ ಮೇಲೆ ಇಳಿಯುತ್ತದೆ. ಟೋಪಿ ಕಣ್ಣಿನ ಮೇಲೆ ಜಾರುತ್ತದೆ. ತಿಂಗಳುಗಟ್ಟಲೆ ಬಿಡುವಿನ ವೇಳೆಯಲ್ಲಿ ಹೆಣೆದ ಉಡುಪು ಪೆಟ್ಟಿಗೆ ಸೇರುತ್ತದೆ. ತಪ್ಪು ಹೆಣೆದವರ ಕೈಯದೆಂದು ಭಾವಿಸುವುದು ವಾಡಿಕೆ. ವಾಸ್ತವದಲ್ಲಿ ತಪ್ಪು ನೂಲಿಗೂ ಅಂಚಿಗೂ ಆಗಿಬರದ ಜೋಡಿಯದು.

ಒಂದು ಸಾಲು ನಿಟ್, ಒಂದು ಸಾಲು ಪರ್ಲ್ ಹಾಕಿದ ಸಾದಾ ಹೆಣಿಗೆಯು ಕೆಳಗಂಚಿನಲ್ಲಿ ಮುಂದಕ್ಕೂ ಪಕ್ಕದ ಅಂಚುಗಳಲ್ಲಿ ಹಿಂದಕ್ಕೂ ಸುರುಳಿ ಸುತ್ತಿಕೊಳ್ಳುತ್ತದೆ. ರಿಬ್ ಎರಡು ಕೆಲಸ ಮಾಡುತ್ತದೆ. ನಿಟ್ ಮತ್ತು ಪರ್ಲ್ ಕಂಬಗಳು ಪರಸ್ಪರ ವಿರುದ್ಧ ದಿಕ್ಕಿಗೆ ಎಳೆಯುವುದರಿಂದ ಸುರುಳಿ ತಪ್ಪುತ್ತದೆ. ಪರ್ಲ್ ಕಂಬಗಳು ಹಿಂದೆ ಸರಿದು ಅಂಚು ಹಾರ್ಮೋನಿಯಂ ತಿದಿಯಂತೆ ಮಡಿಚಿಕೊಳ್ಳುವುದರಿಂದ ಹಿಡಿತ ದೊರೆಯುತ್ತದೆ. ಮೊದಲ ಕೆಲಸಕ್ಕೆ ಯಾವ ನೂಲಾದರೂ ಆದೀತು. ಎರಡನೆಯದಕ್ಕೆ ಮಾತ್ರ ಹಿಗ್ಗಿ ಮರಳಿ ಕುಗ್ಗುವ ನೂಲೇ ಬೇಕು. ಕುರಿಯುಣ್ಣೆಯ ಎಳೆ ಶೇ 30ರಷ್ಟು ಹಿಗ್ಗಿಯೂ ತುಂಡಾಗದೆ ಉಳಿಯಬಲ್ಲದು. ಹತ್ತಿಯ ಎಳೆಗೆ ಆ ಗುಣವಿಲ್ಲ. ರೇಷ್ಮೆ ಸ್ವಲ್ಪ ಹಿಗ್ಗಿದರೂ ಪೂರ್ತಿಯಾಗಿ ಹಿಂದಿರುಗುವುದಿಲ್ಲ.

ಈ ಸೀಮೆಯ ಸ್ವಂತ ನಾರುಗಳೆಂದರೆ ಹತ್ತಿ ಮತ್ತು ರೇಷ್ಮೆಯೇ. ನೆರೆಯ ಮಂಡ್ಯ ಜಿಲ್ಲೆಯ ಹೆಸರಾಂತ ಬಂಡೂರು ಕುರಿ ಮಾಂಸಕ್ಕೆ ಪ್ರಸಿದ್ಧವೇ ಹೊರತು ಅದರ ಒರಟು ಕೂದಲು ಕೈಹೆಣಿಗೆಗೆ ಒದಗುವುದಿಲ್ಲ. ಕುರುಬ ಸಮುದಾಯದ ಕಂಬಳಿಯೂ ಮಗ್ಗದ ನೇಯ್ಗೆಯೇ ಹೊರತು ಹೆಣಿಗೆಯಲ್ಲ. ರಿಬ್ ಹಾಕಿಸುವ ಹೆಣಿಗೆ ಪುಸ್ತಕಗಳು ಉಣ್ಣೆಯ ದೇಶಗಳಿಂದ ಬಂದವು. ಅವುಗಳ ಅಂಚನ್ನು ಹಾಗೆಯೇ ಹತ್ತಿಗೆ ಇಳಿಸಿದ್ದರಿಂದ ಉಂಟಾದ ಫಜೀತಿಯಿದು.

ಹಾಗಾಗಿ ಹಿಡಿತ ಬೇಕಿಲ್ಲದ ಕಡೆ ರಿಬ್ ಬಿಡುವುದು ಲೇಸು. ಸ್ವೆಟರಿನ ಕೆಳಗಂಚು, ಗುಂಡಿ ಪಟ್ಟಿ, ಹೊದಿಕೆಯ ಸುತ್ತಂಚು ಇವೆಲ್ಲವೂ ಸಮತಟ್ಟಾಗಿ ಕೂತರೆ ಸಾಕು. ಎಲ್ಲ ಸಾಲುಗಳನ್ನೂ ನಿಟ್ ಹೆಣೆಯುವ ಗಾರ್ಟರ್ ಅಂಚು ಎಲ್ಲಕ್ಕಿಂತ ಸುಲಭ. ಎರಡೂ ಮಗ್ಗುಲು ಒಂದೇ ಬಗೆ, ಸುರುಳಿಯ ಭಯವಿಲ್ಲ. ವೃತ್ತಾಕಾರದ ಕಡ್ಡಿಯಲ್ಲಿ ಹೆಣೆಯುವವರು ಒಂದು ಸುತ್ತು ನಿಟ್, ಮತ್ತೊಂದು ಸುತ್ತು ಪರ್ಲ್ ಹಾಕಬೇಕು. ಇದರ ದೋಷವೆಂದರೆ ಸಾದಾ ಹೆಣಿಗೆಗಿಂತ ಅಗಲವಾಗಿ, ಲಂಗದ ಅಂಚಿನಂತೆ ಅರಳಿ ನಿಲ್ಲುವುದು.

ಹತ್ತಿಗೆ ನಿಜಕ್ಕೂ ಒಪ್ಪುವುದು ಮಾಸ್ ಹೆಣಿಗೆ. ರಾಗಿ ಕಾಳು ಹರಡಿದಂತೆ ತೋರುವ ಇದನ್ನು ಕೆಲವು ಪುಸ್ತಕಗಳಲ್ಲಿ ಸೀಡ್ ಎಂದೂ ಕರೆಯಲಾಗಿದೆ. ಬೆಸ ಸಂಖ್ಯೆಯ ಕುಣಿಕೆ ಹಾಕಿ ಒಂದು ನಿಟ್, ಒಂದು ಪರ್ಲ್ ಎಂದು ಹೆಣೆಯುತ್ತ ಕೊನೆಗೆ ನಿಟ್‌ನಿಂದ ಮುಗಿಸುವುದು. ಪ್ರತಿ ಸಾಲೂ ಇದೇ. ಹೀಗೆ ಮಾಡಿದಾಗ ನಿಟ್‌ನ ಮೇಲೆ ಪರ್ಲ್, ಪರ್ಲ್‌ನ ಮೇಲೆ ನಿಟ್ ಬಂದು ವಸ್ತ್ರ ಯಾವ ಕಡೆಗೂ ಬಾಗುವುದಿಲ್ಲ. ಹತ್ತಿಯ ನುಣುಪಿನಲ್ಲಿ ಕಾಳುಗಳು ಎದ್ದು ಕಾಣುವಷ್ಟು ಉಣ್ಣೆಯಲ್ಲಿ ಕಾಣವು. ಅಂಚು ಅರಳದಿರಲು ಸುಮಾರು ಶೇ 10ರಷ್ಟು ಕುಣಿಕೆ ಕಡಿಮೆ ಹಾಕಬೇಕು. ಒಡಲಿಗೆ 80 ಕುಣಿಕೆ ಬೇಕಿದ್ದರೆ 73ರಿಂದ ಆರಂಭಿಸಿ, ಅಂಚು ಮುಗಿದ ಮೊದಲ ಸಾದಾ ಸಾಲಿನಲ್ಲಿ ಸಮಾನ ಅಂತರದಲ್ಲಿ 7 ಕುಣಿಕೆ ಹೆಚ್ಚಿಸಿಕೊಳ್ಳಬಹುದು. ಕಡ್ಡಿಯೂ ತೆಳುವಾಗಿರಲಿ. ಹಳೆಯ ಬ್ರಿಟಿಷ್ ಲೆಕ್ಕದ ಸಂಖ್ಯೆಗಳಲ್ಲಿ ಸಂಖ್ಯೆ ಏರಿದಂತೆ ಕಡ್ಡಿ ತೆಳುವಾಗುತ್ತದೆ. 8ನೇ ಸಂಖ್ಯೆಯದು 4 ಮಿ.ಮೀ., 10ನೇ ಸಂಖ್ಯೆಯದು 3.25 ಮಿ.ಮೀ. ಇದನ್ನು ತಿರುವುಮುರುವಾಗಿ ತಿಳಿದು ಅಂಚು ಹಾಳು ಮಾಡಿಕೊಂಡವರು ಕಡಿಮೆಯಿಲ್ಲ.

ರಿಬ್‌ನ ರೂಪವನ್ನೇ ಬಯಸುವವರಿಗೂ ದಾರಿಗಳಿವೆ. ನಿಟ್ ಕುಣಿಕೆಯನ್ನು ಮುಂದಿನಿಂದ ಹಿಡಿಯದೆ ಹಿಂಬದಿಯಿಂದ ಕಡ್ಡಿ ತೂರಿಸಿ ಹೆಣೆದರೆ ಅದು ತಿರುಚಿಕೊಂಡು ಬಿಗಿಯಾಗುತ್ತದೆ. ಒಂದು ತಿರುಚಿದ ನಿಟ್, ಒಂದು ಪರ್ಲ್ ಹಾಕಿದ ಅಂಚು ಹತ್ತಿಯಲ್ಲಿ ಸಾಮಾನ್ಯ ರಿಬ್‌ಗಿಂತ ಹೆಚ್ಚು ಕಾಲ ಆಕಾರ ಉಳಿಸಿಕೊಳ್ಳುತ್ತದೆ. ಹಿಂಬದಿಯ ಸಾಲಿನಲ್ಲಿ ಆ ಕುಣಿಕೆಗಳನ್ನು ಪರ್ಲ್ ಹೆಣೆಯುವಾಗಲೂ ತಿರುಚಬೇಕು. ಕೈಗೆ ತುಸು ಶ್ರಮವಾದರೂ ಮಣಿಕಟ್ಟಿನಂಥ ಸಣ್ಣ ಅಳತೆಗೆ ಇದು ತಕ್ಕುದು.

‘ಮಿಸ್ಟೇಕ್ ರಿಬ್’, ಅಂದರೆ ತಪ್ಪಿನ ರಿಬ್, ಎಂಬ ವಿಚಿತ್ರ ಹೆಸರಿನ ಅಂಚೊಂದಿದೆ. ನಾಲ್ಕರ ಗುಣಕಕ್ಕೆ ಮೂರು ಸೇರಿಸಿದಷ್ಟು ಕುಣಿಕೆ ಹಾಕಿ, ಎರಡು ನಿಟ್, ಎರಡು ಪರ್ಲ್ ಎಂದೇ ಸಾಗಿ ಉಳಿದ ಮೂರರಲ್ಲಿ ಎರಡು ನಿಟ್, ಒಂದು ಪರ್ಲ್ ಮಾಡುವುದು. ಪ್ರತಿ ಸಾಲೂ ಹೀಗೆಯೇ. ಎಣಿಕೆ ಒಂದು ಕುಣಿಕೆಯಷ್ಟು ಜರುಗುವುದರಿಂದ ಕಂಬಗಳ ನಡುವೆ ಕಾಳುಗಳು ಮೂಡಿ ಎರಡೂ ಮಗ್ಗುಲು ಚೆಲುವಾಗಿ ಕಾಣುತ್ತವೆ. ದಪ್ಪನಾದ ಈ ಅಂಚು ಮಫ್ಲರಿಗೆ ಚೆನ್ನ.

ಬಣ್ಣದ ಮೋಹವುಳ್ಳವರನ್ನು ಶೆಟ್ಲೆಂಡ್ ದ್ವೀಪಗಳ ಇಬ್ಬಣ್ಣದ ರಿಬ್ ಸೆಳೆಯುತ್ತದೆ. ನಿಟ್ ಕಂಬ ಒಂದು ಬಣ್ಣ, ಪರ್ಲ್ ಕಂಬ ಇನ್ನೊಂದು. ಹಿಂದೆ ಹಾಯುವ ಎಳೆಯಿಂದಾಗಿ ಇದು ಉಣ್ಣೆಯಲ್ಲೂ ಅಷ್ಟಾಗಿ ಹಿಗ್ಗದು, ಬೆಚ್ಚಗಿರುವುದಂತೂ ನಿಜ. ಎಸ್ಟೋನಿಯಾದ ಕಿಹ್ನು ದ್ವೀಪದವರು ಕೈಗವಸುಗಳ ಮೇಲೆ ಇಬ್ಬಣ್ಣದ ಜಡೆಯಂತಹ ಅಡ್ಡಸಾಲು ಮೂಡಿಸುತ್ತಾರೆ. ಇವು ಕಣ್ಣಿಗೆ ಹಬ್ಬವೇ ಸರಿ. ಆದರೆ ಗುಂಡ್ಲುಪೇಟೆಯ ಕೂಸಿಗೆ ಇಷ್ಟು ದಪ್ಪನೆಯ ಅಂಚು ಅಗತ್ಯವೆನಿಸದು.

ಕತ್ತಿನ ಅಂಚಿಗೆ ದುಂಡು ಹುರಿಯ ಅಂಚು ಅಚ್ಚುಕಟ್ಟು. ಇಂಗ್ಲೆಂಡಿನಲ್ಲಿ ಜನಿಸಿ ಅಮೆರಿಕದಲ್ಲಿ ನೆಲೆಸಿದ ಎಲಿಜಬೆತ್ ಜಿಮ್ಮರ್ಮನ್ (1910–1999) ‘ಐ-ಕಾರ್ಡ್’ ಎಂಬ ಹೆಸರಿನಲ್ಲಿ ಇದನ್ನು ಜನಪ್ರಿಯಗೊಳಿಸಿದರು. ಹೆಣಿಗೆ ಮುಗಿದಾಗ ಎಡಗಡ್ಡಿಗೆ ಮೂರು ಹೊಸ ಕುಣಿಕೆ ಹಾಕಿ, ಎರಡನ್ನು ನಿಟ್ ಹೆಣೆದು, ಮೂರನೆಯದನ್ನು ವಸ್ತ್ರದ ಒಂದು ಕುಣಿಕೆಯೊಡನೆ ಹಿಂಬದಿಯಿಂದ ಸೇರಿಸಿ ಹೆಣೆಯಬೇಕು. ಆ ಮೂರನ್ನೂ ಎಡಗಡ್ಡಿಗೆ ಮರಳಿಸಿ ಮತ್ತೆ ಅದೇ ಕ್ರಮ. ಬಿಗಿ ಮಾಡಿದರೆ ಮಾತ್ರ ಆಪತ್ತು. ನವಜಾತ ಶಿಶುವಿನ ತಲೆಯ ಸುತ್ತಳತೆಯೇ ಸುಮಾರು 35 ಸೆಂ.ಮೀ. ಇರುತ್ತದೆ, ಹುರಿಯಂಚು ರಿಬ್‌ನಷ್ಟು ಹಿಗ್ಗಿಕೊಡುವುದಿಲ್ಲ. ಹೆಗಲ ಮೇಲೆ ಗುಂಡಿಯ ತೆರಪು ಬಿಡುವುದು ಕ್ಷೇಮ.

ಇನ್ನು ಹಿಡಿತ ಬೇಕೇ ಬೇಕಾದ ಕಡೆಯ ಮಾತು. ಚಡ್ಡಿಯ ಸೊಂಟಕ್ಕೆ ಮಡಿಕೆ ಅಂಚೇ ಸರಿ. 12ನೇ ಸಂಖ್ಯೆಯ ಕಡ್ಡಿಯಲ್ಲಿ ಒಂದು ಅಂಗುಲ ಸಾದಾ ಹೆಣೆದು, ಬಲಬದಿಯಲ್ಲಿ ಒಂದು ಸಾಲು ಪರ್ಲ್ ಹಾಕಿ, 10ನೇ ಸಂಖ್ಯೆಗೆ ಬದಲಿಸಿ ಮುಂದುವರಿದರೆ ಆ ಪರ್ಲ್ ಸಾಲಿನ ಮೇಲೆ ವಸ್ತ್ರ ತಾನಾಗಿ ಮಡಿಚುತ್ತದೆ. ಒಳಗೆ ಹೊಲಿದು ಎಲಾಸ್ಟಿಕ್ ತೂರಿಸಬಹುದು. ಸಡಿಲವಾದಾಗ ಅದನ್ನಷ್ಟೇ ಬದಲಿಸಿದರಾಯಿತು. ಪರ್ಲ್ ಸಾಲಿನ ಬದಲು, ಮೊದಲ ಮತ್ತು ಕೊನೆಯ ಕುಣಿಕೆ ಬಿಟ್ಟು, ನೂಲು ಮುಂದೆ ತಂದು ಎರಡು ಸೇರಿಸಿ ಹೆಣೆಯುತ್ತ ಹೋದರೆ ಮಡಿಕೆಯಲ್ಲಿ ಸಣ್ಣ ಹಲ್ಲುಗಳು ಮೂಡುತ್ತವೆ. ಹೆಣ್ಣುಮಗುವಿನ ಫ್ರಾಕಿಗೆ ಇದು ಶೋಭೆ.

ಟೋಪಿಗೆ ಉತ್ತರ ಕನ್ನಡದ ಮನೆಗಳಲ್ಲಿಯೇ ಇದೆ. ಕಿವಿ, ಹೆಡತಲೆ ಮುಚ್ಚಿ ಗಲ್ಲದ ಕೆಳಗೆ ಕಟ್ಟುವ ಕುಲಾವಿ ಹಿಗ್ಗುವ ಅಂಚನ್ನು ನೆಚ್ಚಿಲ್ಲ. ಆಕಾರದಿಂದಲೇ ತಲೆಯನ್ನು ಹಿಡಿಯುತ್ತದೆ. ಮುಖದ ಸುತ್ತ ಮಾಸ್ ಅಂಚು ಹಾಕಿ ಅದನ್ನೇ ಹತ್ತಿ ನೂಲಿನಲ್ಲಿ ಹೆಣೆಯಬಹುದು. ಲಾಡಿ ಗಿಡ್ಡವಾಗಿರಲಿ, ಮಲಗಿಸುವಾಗ ಟೋಪಿ ತೆಗೆದಿಡಲಿ. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗವು ಮಕ್ಕಳ ಮೇಲುಡುಪುಗಳ ಕತ್ತಿನ ಬಳಿ ಎಳೆದುಕಟ್ಟುವ ಲಾಡಿ ಬೇಡವೆಂದು 1996ರಲ್ಲಿಯೇ ಮಾರ್ಗಸೂಚಿ ಹೊರಡಿಸಿತ್ತು. ಅಂತಹ ಲಾಡಿ ಎಲ್ಲಾದರೂ ಸಿಕ್ಕಿಕೊಂಡು ಕತ್ತು ಬಿಗಿಯಬಹುದೆಂಬುದೇ ಕಾರಣ.

ಈಗಾಗಲೇ ಜೋತುಬಿದ್ದ ಸ್ವೆಟರನ್ನು ಎಸೆಯಬೇಕಿಲ್ಲ. ರಿಬ್‌ನ ಮೇಲಿನ ಒಂದು ಸಾದಾ ಸಾಲಿನ ಎಲ್ಲ ಕುಣಿಕೆಗಳನ್ನು ತೆಳು ಕಡ್ಡಿಗೆ ಎತ್ತಿಕೊಂಡು, ಅದರ ಕೆಳಗಿನ ಸಾಲಿನಲ್ಲಿ ಒಂದೇ ಒಂದು ಕುಣಿಕೆ ಕತ್ತರಿಸಿ ಎಳೆಯನ್ನು ಮೆಲ್ಲಗೆ ಬಿಡಿಸಿದರೆ ರಿಬ್ ಕಳಚಿಕೊಳ್ಳುತ್ತದೆ. ಕಡ್ಡಿಯಲ್ಲಿರುವ ಕುಣಿಕೆಗಳಿಂದ ಕೆಳಮುಖವಾಗಿ ಹೊಸ ಅಂಚು ಹೆಣೆಯಬಹುದು. ದಿಕ್ಕು ಬದಲಾಗುವುದರಿಂದ ಕುಣಿಕೆಗಳು ಅರ್ಧದಷ್ಟು ಪಕ್ಕಕ್ಕೆ ಜರುಗುತ್ತವೆ. ಹಳೆಯ ರಿಬ್‌ಗೇ ಹೊಸ ರಿಬ್ ಜೋಡಿಸಿದರೆ ಅದು ಎದ್ದು ಕಾಣುತ್ತದೆ. ಸಾದಾ ಹೆಣಿಗೆಯಿಂದ ಗಾರ್ಟರ್ ಅಥವಾ ಮಾಸ್ ಹೊರಟರೆ ಗೊತ್ತಾಗುವುದಿಲ್ಲ. ಅಕ್ರಿಲಿಕ್ ಉಡುಪಾದರೆ ಅಂಚಿನ ಮೇಲೆ ಬಿಸಿ ಇಸ್ತ್ರಿ ಮಾತ್ರ ಬೇಡ. ಒಮ್ಮೆ ಕಾವು ತಾಗಿ ಸೋತ ಅಕ್ರಿಲಿಕ್ ರಿಬ್ ಮತ್ತೆ ಕುಗ್ಗುವುದಿಲ್ಲ.