ಹಳ್ಳಿ ಅಲ್ಲೇ ಇತ್ತು, ನಗರ ಬಂತು

ಬೆಂಗಳೂರಿನ ಮಹಾಲಕ್ಷ್ಮಿ ಲೇಔಟ್ ಪಕ್ಕದಲ್ಲೇ ಕುರುಬರಹಳ್ಳಿ ಇದೆ. ಸ್ವಲ್ಪ ಆಚೆಗೆ ಕೇತಮಾರನಹಳ್ಳಿ, ಸಾಣೇಗುರುವನಹಳ್ಳಿ, ಅಗ್ರಹಾರ ದಾಸರಹಳ್ಳಿ. ಹೆಸರಲ್ಲಿ ಹಳ್ಳಿ ಉಳಿದಿದೆ, ಹೊಲ ಉಳಿದಿಲ್ಲ. ಇಂಥ ಊರುಗಳ ಹಳೆಯ ಮನೆತನದವರು ಪೇಟೆಗೆ ವಲಸೆ ಬಂದವರಲ್ಲ. ಪೇಟೆಯೇ ಅವರ ಬಾಗಿಲಿಗೆ ಬಂತು.

1898ರ ಪ್ಲೇಗಿನ ನಂತರ ಜನ ಇಕ್ಕಟ್ಟಿನ ಹಳೇ ಪೇಟೆ ಬಿಟ್ಟು ಮಲ್ಲೇಶ್ವರ, ಬಸವನಗುಡಿ ಕಡೆ ನಡೆದರು. 1949ರಲ್ಲಿ ರಾಜಾಜಿನಗರಕ್ಕೆ ಅಡಿಗಲ್ಲು ಬಿತ್ತು. 1976ರಲ್ಲಿ ಬಿಡಿಎ ಬಂತು. ಹೊಲಗಳು ಸೈಟುಗಳಾಗುತ್ತಾ ಹೋದವು. 2014ರಲ್ಲಿ ಮಹಾಲಕ್ಷ್ಮಿ ನಿಲ್ದಾಣಕ್ಕೆ ಮೆಟ್ರೊ ಬಂತು.

ಜನಗಣತಿ ಈ ಬೆಳವಣಿಗೆಯನ್ನು ಅಂಕಿಯಲ್ಲಿ ತೋರಿಸುತ್ತದೆ. ಬೆಂಗಳೂರಿನಲ್ಲಿ 1941ರಲ್ಲಿ ಸುಮಾರು 4 ಲಕ್ಷ ಜನ. ಹತ್ತೇ ವರ್ಷದಲ್ಲಿ ಅದು ಹೆಚ್ಚುಕಡಿಮೆ 8 ಲಕ್ಷವಾಯಿತು. 1981ಕ್ಕೆ 29 ಲಕ್ಷ. ಪ್ರಪಂಚದ ಕಥೆಯೂ ಹೀಗೆಯೇ: 1800ರ ಸುಮಾರಿಗೆ 100 ಕೋಟಿ ಇದ್ದ ಜನಸಂಖ್ಯೆ 2022ಕ್ಕೆ 800 ಕೋಟಿ ಮುಟ್ಟಿತು. ಅಷ್ಟು ಹಿಂದಿನ ಕಾಲಕ್ಕೆ ಎಲ್ಲ ಕಡೆ ಗಣತಿ ಇರಲಿಲ್ಲ. ಕಂದಾಯದ ಪುಸ್ತಕ, ಮನೆಗಳ ಎಣಿಕೆ ಹಿಡಿದು ಮಾಡಿದ ಅಂದಾಜು ಅದು. ನಮ್ಮ ದೇಶದಲ್ಲಿ ಎಲ್ಲೆಡೆ ಒಂದೇ ಕಾಲಕ್ಕೆ ತಲೆ ಎಣಿಸಿದ್ದು 1881ರಲ್ಲಿ.

ಆದರೆ ಗಣತಿಯ ಅಂಕಿಯನ್ನೂ ಹಾಗೇ ನಂಬಬಾರದು. 2001ರಲ್ಲಿ ಬೆಂಗಳೂರು ಪಾಲಿಕೆಯಲ್ಲಿ 43 ಲಕ್ಷ ಜನ, 2011ರಲ್ಲಿ 84 ಲಕ್ಷ. ಹತ್ತು ವರ್ಷಕ್ಕೆ ಎರಡರಷ್ಟಾದರೇ? ಇಲ್ಲ. ನಡುವೆ, 2007ರಲ್ಲಿ, 7 ನಗರಸಭೆ, 1 ಪುರಸಭೆ ಮತ್ತು 110 ಹಳ್ಳಿಗಳನ್ನು ಪಾಲಿಕೆಗೆ ಸೇರಿಸಿದ್ದರು. 226 ಚದರ ಕಿ.ಮೀ. ಇದ್ದ ಪಾಲಿಕೆ 700 ಚದರ ಕಿ.ಮೀ. ದಾಟಿತು. ಸುತ್ತಲ ಊರುಗಳನ್ನು ಎರಡೂ ಸಲ ಸೇರಿಸಿಕೊಂಡು ನೋಡಿದರೆ 57 ಲಕ್ಷ 85 ಲಕ್ಷವಾಗಿದೆ, ಅಂದರೆ ಏರಿದ್ದು ಸುಮಾರು ಅರ್ಧದಷ್ಟು. ಮಿಕ್ಕದ್ದು ಗಡಿಗೆರೆ ಸರಿದಿದ್ದರಿಂದ ಬಂದ ಲೆಕ್ಕ.

ಆ 110 ಹಳ್ಳಿಯವರು ಗಂಟುಮೂಟೆ ಕಟ್ಟದೆಯೇ ನಗರವಾಸಿಗಳಾದರು. ಗ್ರಾಮ ಪಂಚಾಯಿತಿ ಹೋಯಿತು, ಗ್ರಾಮಸಭೆ ಹೋಯಿತು, ಕಂದಾಯ ಪಾಲಿಕೆಗೆ ಕಟ್ಟುವಂತಾಯಿತು. ಕೂಗಿದರೆ ಕೇಳಿಸುವಷ್ಟು ಹತ್ತಿರವಿದ್ದ ಪಂಚಾಯಿತಿ ಸದಸ್ಯರ ಜಾಗಕ್ಕೆ ಸಾವಿರಾರು ಮನೆಗಳಿಗೆ ಒಬ್ಬ ಕಾರ್ಪೊರೇಟರ್ ಬಂದರು.

ಮುಂದಿನ ಜನಗಣತಿ 2027ರಲ್ಲಿ. ನಗರ ಇಷ್ಟು ಬೆಳೆಯಿತು ಎಂಬ ಸುದ್ದಿ ಆಗ ಮತ್ತೆ ಬರುತ್ತದೆ. ಓದುವಾಗ ಒಂದು ಪ್ರಶ್ನೆ ಕೇಳಿ: ಜನ ಹೆಚ್ಚಿದರೋ, ಗೆರೆ ಸರಿಯಿತೋ? ನಿಮ್ಮೂರು ಆ ಗೆರೆಯ ಹತ್ತಿರದಲ್ಲಿದ್ದರೆ, ಗೆರೆ ಸರಿಯುವ ಮೊದಲೇ ಗ್ರಾಮಸಭೆಯಲ್ಲಿ ಕೇಳಿ.